ದೇವರಾಯನದುರ್ಗದ ಟೋಪೋಶೀಟ್ ಎಲ್ಲಿ ಸಿಗುತ್ತೆ? ಸರ್ವೆ ಆಫ್ ಇಂಡಿಯಾ ನಕ್ಷೆ ಓದೋದು ಹೇಗೆ?

ಬೆಟ್ಟದಹಾದಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ನಡಿಗೆ ಗುಂಪಿನವರು ದೇವರಾಯನದುರ್ಗದ ಸುತ್ತ ಓಡಾಡೋಣ ಅಂತಿದ್ದೇವೆ. ದೇವಸ್ಥಾನಕ್ಕೆ ಹೋಗುವ ಟಾರು ರಸ್ತೆ ಎಲ್ಲರಿಗೂ ಗೊತ್ತು, ಅದಲ್ಲ. ಅರಣ್ಯ ಇಲಾಖೆ ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯವರೆಗೆ ಗುಡ್ಡದ ನೆತ್ತಿ ಹಿಡಿದು ನಡೆಯುವ ಆಸೆ. ಗುಂಪಿನ ಹಿರಿಯರೊಬ್ಬರು "ಟೋಪೋಶೀಟ್ ಇಟ್ಕೊಳ್ಳಿ, ಮೊಬೈಲ್ ಒಂದನ್ನೇ ನಂಬಬೇಡಿ" ಅಂದರು. ಬೆಟ್ಟ, ಹಳ್ಳ, ಎತ್ತರ ಎಲ್ಲ ತೋರಿಸುವ ಸರ್ವೆ ಆಫ್ ಇಂಡಿಯಾ ನಕ್ಷೆಯ ಹಾಳೆಯಂತೆ ಅದು. ನಂಬರ್ 57 ಜಿ/3 ಅಂತಲೂ ಹೇಳಿದರು. ಅದೇನು ನಂಬರ್? ಹಾಳೆ ಎಲ್ಲಿ ಸಿಗುತ್ತದೆ? ತಾಲ್ಲೂಕು ಕಚೇರಿಯಲ್ಲಿ ಕೊಡುವ ಗ್ರಾಮ ನಕ್ಷೆಯೂ ಇದೂ ಒಂದೇನಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಭೂಗೋಳದ ಮೇಷ್ಟ್ರು (ಕೋಲಾರ)

ನಿಮ್ಮ ಹಿರಿಯರು ಸರಿಯಾಗಿಯೇ ಹೇಳಿದ್ದಾರೆ. ನಂಬರಿನ ಲೆಕ್ಕ ಸುಲಭ. ಒಮ್ಮೆ ಕಲಿತರೆ ಯಾವ ಊರಿನ ಹಾಳೆ ಬೇಕಾದರೂ ನೀವೇ ಹುಡುಕಬಹುದು.

ಭಾರತ ಮತ್ತು ಅಕ್ಕಪಕ್ಕದ ದೇಶಗಳನ್ನು 4 ಡಿಗ್ರಿ ಅಗಲ, 4 ಡಿಗ್ರಿ ಎತ್ತರದ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ನಮ್ಮದು 57. ಅಂದರೆ ಉತ್ತರ ಅಕ್ಷಾಂಶ 12ರಿಂದ 16, ಪೂರ್ವ ರೇಖಾಂಶ 76ರಿಂದ 80. ಅದರೊಳಗೆ ಒಂದು ಡಿಗ್ರಿಯ 16 ಚೌಕ. ಅವಕ್ಕೆ ಎ ಇಂದ ಪಿ ತನಕ ಅಕ್ಷರ. ಎಡಗಡೆ ಮೇಲಿನ ಮೂಲೆಯಿಂದ ಶುರುವಾಗಿ ಕೆಳಕ್ಕೆ ಇಳಿಯಬೇಕು. ಎ, ಬಿ, ಸಿ, ಡಿ ಮುಗಿದ ಮೇಲೆ ಪಕ್ಕದ ಸಾಲಿನ ಮೇಲಿನ ತುದಿಗೆ ಹೋಗಿ ಇ, ಎಫ್, ಜಿ, ಎಚ್. ಹಾಗಾಗಿ ಜಿ ಅಂದರೆ 13–14 ಅಕ್ಷಾಂಶ, 77–78 ರೇಖಾಂಶ. ಇದನ್ನು ಮತ್ತೆ 15 ನಿಮಿಷದ 16 ಚೌಕ ಮಾಡಿ, ಅದೇ ಥರ ಮೇಲಿಂದ ಕೆಳಕ್ಕೆ 1ರಿಂದ 16 ಅಂತ ಎಣಿಸುತ್ತಾರೆ. ತುಮಕೂರು ಪಟ್ಟಣ 13 ಡಿಗ್ರಿ 20 ನಿಮಿಷ, 77 ಡಿಗ್ರಿ 6 ನಿಮಿಷದ ಆಸುಪಾಸು. ಮೊದಲ ಸಾಲಿನ ಮೂರನೇ ಮನೆ. ಅದೇ 57 ಜಿ/3. ದೇವರಾಯನದುರ್ಗವೂ ಅದೇ ಹಾಳೆಯಲ್ಲಿ ಬರುತ್ತದೆ, ನಿಮ್ಮ ಅದೃಷ್ಟ. ಎಷ್ಟೋ ಬೆಟ್ಟಗಳು ಎರಡು ಹಾಳೆಗೆ ಹರಿದು ಹೋಗಿರುತ್ತವೆ.

ಮಧುಗಿರಿ 57 ಜಿ/2. ನಂದಿಬೆಟ್ಟ, ಚಿಕ್ಕಬಳ್ಳಾಪುರ ಎರಡೂ 57 ಜಿ/11. ಕೋಲಾರ 57 ಕೆ/4. ಕೆಜಿಎಫ್ 13 ಡಿಗ್ರಿಗಿಂತ ಸ್ವಲ್ಪ ಕೆಳಗಿರುವುದರಿಂದ ಅಕ್ಷರವೇ ಬದಲಾಗಿ 57 ಎಲ್/5.

ಈ ಹಾಳೆಗಳ ಅಳತೆ 1:50,000. ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದು ಹಾಳೆಯಲ್ಲಿ ಹೆಚ್ಚು ಕಡಿಮೆ 27 ಕಿಮೀ ಉದ್ದ, 27 ಕಿಮೀ ಅಗಲದ ಜಾಗ ಸಿಗುತ್ತದೆ. ದೇಶಕ್ಕೆಲ್ಲ ಸೇರಿ ಇಂಥವು 5 ಸಾವಿರಕ್ಕೂ ಜಾಸ್ತಿ ಇವೆ.

ಸುಮ್ನೆಕೇಳ್ದೆ

ಗೂಗಲ್ ಮ್ಯಾಪ್ ಇರುವಾಗ ಇದೆಲ್ಲ ಯಾಕೆ ಗುರು? ಬಟನ್ ಒತ್ತಿದರೆ ದಾರಿ ತೋರಿಸುತ್ತೆ. ಹಾಳೆ ಬಿಚ್ಚಿ ಗಾಳಿಗೆ ಹಿಡ್ಕೊಂಡು ನಿಲ್ಲೋದು ಯಾರು?

ಬೆಟ್ಟದಹಾದಿ (ತುಮಕೂರು)

ಕಾರು ಓಡಿಸೋಕೆ ಆದರೆ ನಾನೂ ಅದನ್ನೇ ನೋಡ್ತೀನಿ. ಗುಡ್ಡದೊಳಗೆ ಹೋದಮೇಲೆ ಅದರಲ್ಲಿ ಬರೀ ಹಸಿರು ಬಳಿದಿರುತ್ತದೆ, ಅಷ್ಟೇ. ಯಾವ ಕಡೆ ಇಳಿಜಾರು, ಎಲ್ಲಿ ಪ್ರಪಾತ ಅಂತ ಗೊತ್ತಾಗಲ್ಲ. ನೆಟ್‌ವರ್ಕೂ ಕೈ ಕೊಡುತ್ತೆ.

ಭೂಗೋಳದ ಮೇಷ್ಟ್ರು (ಕೋಲಾರ)

ಅಲ್ಲೇ ಟೋಪೋಶೀಟಿನ ಕಂದು ಗೆರೆ ಕೆಲಸಕ್ಕೆ ಬರೋದು. ಸಮೋನ್ನತಿ ರೇಖೆ, ಎಲ್ಲರೂ ಕಾಂಟೂರ್ ಅಂತಲೇ ಕರೆಯುವುದು. 1:50,000 ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ದೂರ ದೂರ ಇದ್ದರೆ ಆರಾಮಾಗಿ ನಡೆಯಬಹುದು. ಒತ್ತೊತ್ತಾಗಿದ್ದರೆ ಏದುಸಿರು. ಮಧುಗಿರಿಯ ಏಕಶಿಲಾ ಬೆಟ್ಟದಂಥ ಕಡೆ ಗೆರೆಗಳು ಒಂದಕ್ಕೊಂದು ಅಂಟಿಕೊಂಡೇ ಬಿಡುತ್ತವೆ. ಅಲ್ಲಿ ದಾರಿ ಹುಡುಕೋಕೆ ಹೋಗಬೇಡಿ.

ಇನ್ನೊಂದು ಮಾತು. ದೇವರಾಯನದುರ್ಗದ ಹಾಳೆ ಸಿಕ್ಕಿದಾಗ ಗೆರೆಗಳ ಜೊತೆ ಹಳ್ಳಗಳನ್ನೂ ನೋಡಿ. ಶಿಂಷಾ ಅಲ್ಲೇ ಹುಟ್ಟಿ ದಕ್ಷಿಣಕ್ಕೆ ಹೋಗಿ ಕಾವೇರಿ ಸೇರುತ್ತದೆ. ಜಯಮಂಗಲಿಯೂ ಅದೇ ಬೆಟ್ಟದಲ್ಲಿ ಹುಟ್ಟಿ ಉತ್ತರಕ್ಕೆ ಹೋಗಿ ಉತ್ತರ ಪಿನಾಕಿನಿ ಸೇರುತ್ತದೆ. ನೀವು ನಡೆಯಬೇಕೆಂದಿರುವ ನೆತ್ತಿಯೇ ಈ ಎರಡು ನೀರನ್ನೂ ಬೇರೆ ಮಾಡುವ ಗೆರೆ. ಕಾಂಟೂರುಗಳು ವಿ ಆಕಾರದಲ್ಲಿ ಮೇಲಕ್ಕೆ ಚುಚ್ಚಿಕೊಂಡಿದ್ದರೆ ಅದು ಹಳ್ಳ. ಕೆಳಕ್ಕೆ ಚಾಚಿದ್ದರೆ ದಿಣ್ಣೆ. ಪೆನ್ಸಿಲ್ ಹಿಡಿದು ಹಳ್ಳಗಳ ತಲೆ ತಾಗದ ಹಾಗೆ ಗೆರೆ ಎಳೆಯುತ್ತಾ ಹೋಗಿ. ಎಲ್ಲೂ ನೀರು ದಾಟದೆ ಒಂದು ಗೆರೆ ಸಿಗುತ್ತದೆ. ಆ ಗೆರೆಯೇ ನಿಮ್ಮ ದಾರಿ. ನನ್ನ ವಿದ್ಯಾರ್ಥಿಗಳಿಗೆ ನಂದಿಬೆಟ್ಟದ ಹಾಳೆಯಲ್ಲಿ ಇದನ್ನೇ ಮಾಡಿಸುತ್ತೇನೆ. ಅಲ್ಲಂತೂ ಪಾಲಾರ್, ಅರ್ಕಾವತಿ, ಪಿನಾಕಿನಿಗಳು, ಚಿತ್ರಾವತಿ ಎಲ್ಲವೂ ಅದೇ ಗುಡ್ಡಸಾಲಿನ ಬುಡದಿಂದ ನಾಲ್ಕೂ ದಿಕ್ಕಿಗೆ ಹೊರಡುತ್ತವೆ. ಪಾಠ ಮಾಡೋ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆ ಹಾಳೆ ಬೇಕಾ.

ಸರ್ವೆನಂಬರ್ (ಗುಬ್ಬಿ)

ಗ್ರಾಮ ನಕ್ಷೆಯ ಪ್ರಶ್ನೆಗೆ ನಾನು ಹೇಳ್ತೀನಿ, ನನ್ನ ಹೊಟ್ಟೆಪಾಡೇ ಅದು. ಪರವಾನಗಿ ಪಡೆದ ಭೂಮಾಪಕ ನಾನು. ಎರಡೂ ಬೇರೆ ಬೇರೆ, ಇಲಾಖೆಯೂ ಬೇರೆ.

ಟೋಪೋಶೀಟ್ ಮಾಡೋದು ಕೇಂದ್ರದ ಸರ್ವೆ ಆಫ್ ಇಂಡಿಯಾ. ಮುಖ್ಯ ಕಚೇರಿ ಡೆಹ್ರಾಡೂನ್. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕೆಳಗೆ ಬರುತ್ತದೆ. ಬೆಟ್ಟ, ಹಳ್ಳ, ರಸ್ತೆ, ಊರು, ಎತ್ತರ ತೋರಿಸೋದು ಅದರ ಕೆಲಸ. ಯಾರ ಜಮೀನು ಅನ್ನೋದು ಅದಕ್ಕೆ ಬೇಕಿಲ್ಲ. ಗ್ರಾಮ ನಕ್ಷೆ, ಟಿಪ್ಪಣಿ (ಜಮೀನಿನ ಮೂಲ ಅಳತೆ ಬರೆದ ಹಾಳೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಪೋಡಿ (ಜಮೀನು ಭಾಗ ಮಾಡೋದು), ಹದ್ದುಬಸ್ತು (ಗಡಿ ಗುರುತಿಸೋದು) ಎಲ್ಲ ನಮ್ಮ ರಾಜ್ಯದ ಭೂಮಾಪನ ಇಲಾಖೆಯದು. ಸರ್ವೆ ನಂಬರ್, ಗಡಿಕಲ್ಲು, ಖರಾಬು (ಸಾಗುವಳಿಗೆ ಬಾರದ ನೆಲ), ನಕಾಶೆ ದಾರಿ (ನಕ್ಷೆಯಲ್ಲೇ ಗುರುತಾದ ದಾರಿ) ಅದರಲ್ಲಿ ಇರುತ್ತವೆ. ಕಾಂಟೂರ್ ಇರಲ್ಲ.

ಇದನ್ನು ಒತ್ತಿ ಹೇಳೋದು ಯಾಕೆ ಅಂದರೆ, ಒತ್ತುವರಿ ಜಗಳಕ್ಕೆ ಟೋಪೋಶೀಟ್ ಪ್ರಿಂಟ್ ಹಿಡಿದು ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. 40 ಗುಂಟೆಗೆ ಒಂದು ಎಕರೆ. 33 ಅಡಿ ಹತ್ತಿರ ಹತ್ತಿರ 10 ಮೀಟರ್. 1:50,000 ಹಾಳೆಯಲ್ಲಿ ಅದು 0.2 ಮಿಲಿಮೀಟರ್. ನೀವು ಪೆನ್ಸಿಲಲ್ಲಿ ಒಂದು ಗೆರೆ ಎಳೆದರೆ ಅದರ ದಪ್ಪದಲ್ಲೇ ಎರಡು ಗುಂಟೆ ಮುಚ್ಚಿಹೋಗುತ್ತದೆ. ಇನ್ನು ಬದು ಯಾರದು ಅಂತ ಹೇಳೋದು ಎಲ್ಲಿಂದ? ಅದಕ್ಕೆ ಟಿಪ್ಪಣಿಯ ಅಳತೆಯೇ ಬೇಕು. ಹಳೆ ಮೈಸೂರು ಕಡೆ ಗ್ರಾಮ ನಕ್ಷೆ ಸಾಮಾನ್ಯವಾಗಿ 1:7,920. ಒಂದು ಮೈಲಿಗೆ 8 ಇಂಚು. ಅದರಲ್ಲೂ ಮೂಲ ಅಳತೆ ನೋಡದೆ ನಾವು ಕಲ್ಲು ನೆಡಲ್ಲ.

ತೋಟದಮನೆ (ಕೊರಟಗೆರೆ)

ಸಾರ್, ಹಾಗಾದರೆ ನಮ್ಮ ತೋಟಕ್ಕೆ ಹೋಗುವ ಬಂಡಿದಾರಿ? ಪಕ್ಕದವರು ಮುಳ್ಳುಬೇಲಿ ಹಾಕಿದ್ದಾರೆ. ಹಳೇ ಟೋಪೋಶೀಟಿನಲ್ಲಿ ಆ ದಾರಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತೆ. ಅದು ಸಾಕ್ಷಿ ಆಗಲ್ವಾ?

ಸರ್ವೆನಂಬರ್ (ಗುಬ್ಬಿ)

ದಾರಿ ಇತ್ತು ಅನ್ನೋದಕ್ಕೆ ಒಂದು ಪೂರಕ ಕಾಗದ ಅಂತ ಇಟ್ಟುಕೊಳ್ಳಿ. ನಿಮಗೆ ಹಕ್ಕು ಇದೆ ಅಂತ ಅದು ಹೇಳಲ್ಲ. ಮೊದಲು ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ನಕಾಶೆ ದಾರಿ ಅಂತ ಇದ್ದರೆ ನಿಮ್ಮ ಕೈ ಮೇಲೆ. ಇಲ್ಲದಿದ್ದರೆ ರೂಢಿ ದಾರಿ ಅಂತ ಬೇರೆ ವಾದ ಮಾಡಬೇಕು. ವಕೀಲರ ಹತ್ತಿರ ಮಾತಾಡಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ಅಂದಾಜು ಬೇಕಿದ್ದರೆ ದಿಶಾಂಕ್ ಆ್ಯಪ್ ನೋಡಿ, ಅದೂ ಅಂದಾಜಿಗೆ ಮಾತ್ರ. ಬೇಲಿ ಕೀಳೋಕೆ ಅದನ್ನು ನಂಬಿ ಹೋಗಬೇಡಿ!

ಕೆಜಿಎಫ್ ಹುಡುಗ

ಸರ್ವೆ ಆಫ್ ಇಂಡಿಯಾ ಅಂದಾಗ ನಮ್ಮೂರಿನ ಕಥೆ ಹೇಳದೆ ಇರೋಕಾಗಲ್ಲ. ಕೋಲಾರದ ಚಿನ್ನ ಬ್ರಿಟಿಷರ ಕಣ್ಣಿಗೆ ಬಿದ್ದದ್ದೇ ಸರ್ವೆಯವನೊಬ್ಬನ ಮೂಲಕ. 1799ರಲ್ಲಿ ಟಿಪ್ಪು ಸತ್ತು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಮೈಸೂರು ಸೀಮೆಯನ್ನು ಅಳೆಯಲು ಹೊರಟರು. ಪೂರ್ವದ ಗಡಿ ಗುರುತಿಸುವ ಕೆಲಸ ಲೆಫ್ಟಿನೆಂಟ್ ಜಾನ್ ವಾರನ್ ಅನ್ನೋನಿಗೆ ಬಿತ್ತು. 1802ರಲ್ಲಿ ಊರಿಗಾಂ ಸುತ್ತಮುತ್ತ ಬಂದಾಗ ಇಲ್ಲಿ ಮಣ್ಣಲ್ಲಿ ಚಿನ್ನ ಸಿಗುತ್ತೆ ಅಂತ ಸುದ್ದಿ ಕೇಳಿದ. ತೋರಿಸಿದವರಿಗೆ ಇನಾಮು ಅಂದ. ಊರವರು ಎತ್ತಿನ ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ಅವನು ಬರೆದ ವರದಿ ದಶಕಗಟ್ಟಲೆ ಮೂಲೆಯಲ್ಲಿತ್ತು. 1871ರಲ್ಲಿ ಮೈಕಲ್ ಲೆವೆಲ್ ಅನ್ನೋ ನಿವೃತ್ತ ಸೈನಿಕ ಅದನ್ನು ಓದಿ ಇಲ್ಲಿಗೆ ಬಂದ. ಆಮೇಲಿನದು ಎಲ್ಲರಿಗೂ ಗೊತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು.

ಚಿನ್ನ ತೊಳೆದು ತೋರಿಸಿದ ಊರವರ ಹೆಸರು ಮಾತ್ರ ಯಾವ ಪಾಠದಲ್ಲೂ ಇಲ್ಲ.

ಭೂಗೋಳದ ಮೇಷ್ಟ್ರು (ಕೋಲಾರ)

ವಾರನ್ ಬಗ್ಗೆ ನೆನಪಿಸಿದ್ದು ಒಳ್ಳೇದಾಯಿತು. ಅವನೂ, ಭಾರತವನ್ನು ತ್ರಿಕೋನದ ಲೆಕ್ಕದಲ್ಲಿ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ನೂ ಒಂದೇ 33ನೇ ರೆಜಿಮೆಂಟಿನವರು. ಮುಂದೆ ವಾರನ್ ಮದ್ರಾಸು ಖಗೋಳ ವೀಕ್ಷಣಾಲಯವನ್ನೂ ನೋಡಿಕೊಂಡ.

ಸರ್ವೆ ಆಫ್ ಇಂಡಿಯಾ ತನ್ನ ಹುಟ್ಟು 1767 ಅಂತ ಹೇಳಿಕೊಳ್ಳುತ್ತದೆ. ಆ ವರ್ಷ ಬಂಗಾಳದಲ್ಲಿ ಜೇಮ್ಸ್ ರೆನೆಲ್ ಸರ್ವೇಯರ್ ಜನರಲ್ ಆದ. ಆದರೆ ನಿಖರವಾದ ಅಳತೆ ಅನ್ನೋದು ಶುರುವಾದದ್ದು ನಮ್ಮ ಕಡೆಯಿಂದ ಅಂತಲೇ ಹೇಳಬೇಕು. ಮೈಸೂರು ಯುದ್ಧ ಮುಗಿದ ಕೂಡಲೇ ಲ್ಯಾಂಬ್ಟನ್ ಒಂದು ಯೋಜನೆ ಮುಂದಿಟ್ಟ. ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನಗಳ ಸರಪಣಿ ಕಟ್ಟಿ ಪರ್ಯಾಯ ದ್ವೀಪದ ಅಗಲ ಅಳೆಯೋಣ ಅಂತ. 1800ರ ಕೊನೆಗೆ ಬೆಂಗಳೂರಿನ ಹತ್ತಿರ ಮೊದಲ ಪ್ರಯೋಗ ನಡೆಯಿತು. ಮುಖ್ಯ ಕೆಲಸ ಶುರುವಾದದ್ದು 1802ರ ಏಪ್ರಿಲ್ 10ರಂದು, ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬುಡದಲ್ಲಿ.

ತಂತ್ರ ಸರಳ. ನೆಲದ ಮೇಲೆ ಒಂದು ಗೆರೆಯನ್ನು ಅತ್ಯಂತ ಜಾಗ್ರತೆಯಿಂದ ಅಳೆಯಬೇಕು. ಅದು ಆಧಾರ ರೇಖೆ. ಅದರ ಎರಡು ತುದಿಯಿಂದ ದೂರದ ಬೆಟ್ಟದ ತುದಿಗೆ ಕೋನ ಅಳೆದರೆ ಉಳಿದ ಎರಡು ಬಾಹು ಲೆಕ್ಕದಲ್ಲೇ ಬರುತ್ತವೆ. ಆ ಬಾಹುವಿನ ಮೇಲೆ ಮುಂದಿನ ತ್ರಿಕೋನ. ನೆಲದ ಮೇಲೆ ಸರಪಳಿ ಎಳೆಯುವ ಗೋಜಿಲ್ಲ. ಆದರೆ ಮೊದಲ ಗೆರೆಯಲ್ಲಿ ಒಂದಿಷ್ಟು ತಪ್ಪಿದರೂ ಮುಂದಿನದೆಲ್ಲ ಕೆಡುತ್ತದೆ. ಅದಕ್ಕೇ ಮದ್ರಾಸಿನ ಏಳೂವರೆ ಮೈಲಿ ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯುವಾಗ, ಸರಪಳಿಯನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿ, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತು ಅಂತ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದರು. ಆ ಸರಪಳಿಯದೂ ಒಂದು ಕಥೆ. ಚೀನಾದ ಚಕ್ರವರ್ತಿಗೆ ಉಡುಗೊರೆ ಅಂತ ಹೋಗಿ, ಅಲ್ಲಿ ಬೇಡ ಅನ್ನಿಸಿಕೊಂಡು ಕಲ್ಕತ್ತಕ್ಕೆ ಬಂದು ಇವನ ಪಾಲಾಗಿತ್ತು. ಕೋನ ಅಳೆಯುವ ದೊಡ್ಡ ಥಿಯೊಡೊಲೈಟ್ ಅರ್ಧ ಟನ್ ತೂಕ. ಇಂಗ್ಲೆಂಡಿನಿಂದ ಬರುವಾಗ ಫ್ರೆಂಚರು ಹಡಗನ್ನೇ ಹಿಡಿದು ಮಾರಿಷಸ್‌ಗೆ ಒಯ್ದಿದ್ದರು. ಆಮೇಲೆ ಮರ್ಯಾದೆಯಾಗಿ ವಾಪಸ್ ಕಳಿಸಿದರು.

1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಆಧಾರ ರೇಖೆ ಅಳೆದು ತಾಳೆ ನೋಡಿದಾಗ ಮದ್ರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಕೆಲವೇ ಇಂಚಿನ ವ್ಯತ್ಯಾಸ! ಕೊನೆಗೆ ಪರ್ಯಾಯ ದ್ವೀಪದ ಅಗಲ ಹಳೆ ನಕ್ಷೆಗಳಲ್ಲಿ ಇದ್ದ 400 ಮೈಲಿ ಅಲ್ಲ, 360 ಮೈಲಿ ಅಂತ ಗೊತ್ತಾಯಿತು. 40 ಮೈಲಿ ನೆಲ ಸುಮ್ಮನೆ ಕಾಗದದ ಮೇಲೆ ಮಾತ್ರ ಇತ್ತು. ಇಷ್ಟಾದರೂ ಮದ್ರಾಸಿನ ಹಣಕಾಸಿನವರೊಬ್ಬರು ಗೊಣಗಿದ್ದರಂತೆ, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಲ್ಲಕ್ಕಿ ಹೊರುವವನಿಗೆ ಹೇಳಿದರೆ ಸಾಕಲ್ಲ, ಇಷ್ಟು ದುಡ್ಡು ಯಾಕೆ ಅಂತ. ಮೇಲೆ ಸುಮ್ನೆಕೇಳ್ದೆ ಅವರು ಕೇಳಿದ್ದೂ ಹೆಚ್ಚು ಕಡಿಮೆ ಇದನ್ನೇ!

ಸುಮ್ನೆಕೇಳ್ದೆ

ಹಹ್ಹ, ಒಪ್ಕೊಂಡೆ ಮೇಷ್ಟ್ರೇ. ಆದ್ರೂ ಒಂದು ಮಾತು. ಇದನ್ನೆಲ್ಲ ಅವರು ನಮ್ಮ ಉದ್ಧಾರಕ್ಕೆ ಮಾಡಿದ್ದಲ್ಲ, ಅಲ್ವಾ? ಸೈನ್ಯ ಓಡಿಸೋಕೆ, ಕಂದಾಯ ಕೀಳೋಕೆ.

ಭೂಗೋಳದ ಮೇಷ್ಟ್ರು (ಕೋಲಾರ)

ಅದರಲ್ಲಿ ಅನುಮಾನವೇ ಇಲ್ಲ. ಯುದ್ಧ ಗೆದ್ದ ಮರುವರ್ಷವೇ ಅಳೆಯೋಕೆ ಬಂದರು ಅಂದರೆ ಇನ್ನೇನು. ಆದರೆ ಅದೇ ಹೊತ್ತಿಗೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿಯನ್ನೂ ನೋಡಿ. ನೆಲ ಅಳೆಯುತ್ತಲೇ ಊರೂರಿನ ಕೈಫಿಯತ್ತು (ಊರಿನ ಇತಿಹಾಸದ ಬರಹ), ಶಾಸನಗಳನ್ನು ಬರೆಸಿಕೊಂಡ. ಅದನ್ನು ಮಾಡಿದ್ದು ಅವನೊಬ್ಬನೇ ಅಲ್ಲ. ಕಾವಲಿ ವೆಂಕಟ ಬೊರಯ್ಯ ಮತ್ತು ಅವರ ತಮ್ಮಂದಿರಂಥ ಇಲ್ಲಿನ ವಿದ್ವಾಂಸರು. ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಎವರೆಸ್ಟ್ ಶಿಖರದ ಎತ್ತರವನ್ನು ಲೆಕ್ಕದಲ್ಲಿ ಹಿಡಿದ ರಾಧಾನಾಥ್ ಸಿಕ್ದಾರ್ ಹೆಸರು ಹೇಳುತ್ತೇವೆ, ಅಷ್ಟಾದರೂ ಸರಿ. ಬೆಟ್ಟದ ನೆತ್ತಿಗೆ ಅರ್ಧ ಟನ್ ಯಂತ್ರ ಹೊತ್ತ ಖಲಾಸಿಗಳ ಹೆಸರು ಕೆಜಿಎಫ್‌ನಲ್ಲಿ ಮಣ್ಣು ತೊಳೆದವರ ಹಾಗೆಯೇ ಹೋಯಿತು.

ಅಕ್ಷಾಂಶ (ಚಿಂತಾಮಣಿ)

ನಾನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಜೋಡಿಸುವ ಕೆಲಸ ಮಾಡುವವಳು. ಮೇಷ್ಟ್ರು ಹಳೆ ನಂಬರ್ ಹೇಳಿದರು. ಈಗ ಸಿಗುವ ಹಾಳೆಯಲ್ಲಿ ಬೇರೆ ನಂಬರ್ ಇರುತ್ತದೆ, ನೋಡಿ ಗಾಬರಿಯಾಗಬೇಡಿ.

2005ರ ರಾಷ್ಟ್ರೀಯ ನಕ್ಷೆ ನೀತಿಯಲ್ಲಿ ಎರಡು ಸರಣಿ ಮಾಡಿದರು. ಸೇನೆಗೆ ಡಿಫೆನ್ಸ್ ಸೀರೀಸ್, ಜನಸಾಮಾನ್ಯರಿಗೆ ಓಪನ್ ಸೀರೀಸ್. ಓಪನ್ ಸೀರೀಸ್‌ನಲ್ಲಿ ಜಾಗತಿಕ ನಂಬರ್ ಬಳಸಿದ್ದಾರೆ. 57 ಜಿ/3 ಅಲ್ಲಿ ಡಿ43ಆರ್3 ಆಗುತ್ತದೆ. ಕೋಲಾರದ 57 ಕೆ/4 ಡಿ44ಎಂ4. ಕೊನೆಯ ಅಂಕಿ ಹಾಗೇ ಉಳಿಯುತ್ತದೆ.

43, 44 ಅಂತ ಬದಲಾಯಿತಲ್ಲ, ಅದೇ ನಮ್ಮ ತಲೆನೋವು. ನಕ್ಷೆಗಾಗಿ ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಹಂಚುತ್ತಾರೆ, ಅವೇ ಯುಟಿಎಂ ವಲಯಗಳು. 43, 44ರ ಗಡಿ 78 ಡಿಗ್ರಿ ರೇಖಾಂಶ. ಅದು ಸರಿಯಾಗಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳನ್ನು ಸೀಳಿಕೊಂಡು ಹೋಗುತ್ತದೆ. ಮಾಲೂರು, ಶಿಡ್ಲಘಟ್ಟ 43ರಲ್ಲಿ. ಕೋಲಾರ, ಚಿಂತಾಮಣಿ 44ರಲ್ಲಿ. ಜಿಲ್ಲೆಯ ನಕ್ಷೆ ಜೋಡಿಸುವಾಗ ಎರಡನ್ನೂ ಒಂದೇ ವಲಯಕ್ಕೆ ತರದಿದ್ದರೆ ಅರ್ಧ ಜಿಲ್ಲೆ ಎಲ್ಲೋ ದೂರ ಹಾರಿಹೋಗಿರುತ್ತದೆ. ತಮಾಷೆ ಅಂದರೆ, ಲ್ಯಾಂಬ್ಟನ್ ಆಮೇಲೆ ಜಾರ್ಜ್ ಎವರೆಸ್ಟ್ ಹಿಮಾಲಯದ ಬುಡದ ತನಕ ಒಯ್ದ ಆ ಮಹಾ ತ್ರಿಕೋನ ಸರಣಿಯೂ ಇದೇ 78ನೇ ರೇಖಾಂಶದ ಆಸುಪಾಸಿನಲ್ಲೇ.

ಇನ್ನೊಂದು ಮುಖ್ಯ ವಿಷಯ. ಹಳೇ ಟೋಪೋಶೀಟನ್ನು ಸ್ಕ್ಯಾನ್ ಮಾಡಿ ಮೊಬೈಲ್ ಜಿಪಿಎಸ್ ಜೊತೆ ಇಟ್ಟರೆ ತಾಳೆ ಬರಲ್ಲ. ಹಳೆಯವು ಎವರೆಸ್ಟ್ 1830 ಅನ್ನೋ ಭೂಮಿಯ ಆಕಾರದ ಲೆಕ್ಕದಲ್ಲಿವೆ. ಜಿಪಿಎಸ್ ಡಬ್ಲ್ಯುಜಿಎಸ್ 84ರಲ್ಲಿದೆ. ನಮ್ಮ ಕಡೆ ವ್ಯತ್ಯಾಸ ನೂರಿನ್ನೂರು ಮೀಟರ್ ಬರುತ್ತದೆ. ಗುಡ್ಡದ ಮೇಲೆ ಅಷ್ಟು ಸಾಕು, ದಾರಿ ಬಿಟ್ಟು ಬಂಡೆ ಅಂಚಿಗೆ ಹೋಗೋಕೆ. ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲೇ ಇರುವುದರಿಂದ ಆ ತೊಂದರೆ ಇಲ್ಲ.

ಬೆಟ್ಟದಹಾದಿ (ತುಮಕೂರು)

ಮೇಡಂ, ಎತ್ತರದ ವಿಷಯಕ್ಕೂ ಹಾಗೇನಾ? ನಂದಿಬೆಟ್ಟದ ಮೇಲೆ ನಿಂತು ಒಂದು ಜಿಪಿಎಸ್ ಆ್ಯಪ್ ನೋಡಿದರೆ 1,390 ಚಿಲ್ಲರೆ ಏನೋ ತೋರಿಸಿತು. ಬೋರ್ಡಿನಲ್ಲಿ 1,478 ಮೀಟರ್.

ಅಕ್ಷಾಂಶ (ಚಿಂತಾಮಣಿ)

ಒಳ್ಳೆ ಪ್ರಶ್ನೆ. ಟೋಪೋಶೀಟಿನ ಎತ್ತರ ಸಮುದ್ರ ಮಟ್ಟದಿಂದ. 1909ರ ಹೊತ್ತಿಗೆ ಮುಗಿದ ಲೆವೆಲಿಂಗ್ ಕೆಲಸದಲ್ಲಿ ಒಂಬತ್ತು ಬಂದರುಗಳ ಉಬ್ಬರ ಇಳಿತದ ದಾಖಲೆಯನ್ನು ಆಧಾರವಾಗಿಟ್ಟರು. ಅದರಲ್ಲಿ ನಮ್ಮ ಕಾರವಾರವೂ ಒಂದು. ಅಲ್ಲಿಂದ ಊರೂರಿಗೆ ಮಟ್ಟ ತಂದು ಕಲ್ಲಿನ ಮೇಲೆ ಗುರುತು ಕೆತ್ತಿದರು. ಹಳೇ ಕಟ್ಟಡಗಳ ಹತ್ತಿರ ಜಿಟಿಎಸ್ (ಮಹಾ ತ್ರಿಕೋನ ಸರ್ವೆ), ಬಿಎಂ (ಬೆಂಚ್ ಮಾರ್ಕ್, ಮಟ್ಟದ ಗುರುತು) ಅಂತ ಕೆತ್ತಿರುವ ಕಲ್ಲು ಕಂಡರೆ ಅದೇ. ದಯವಿಟ್ಟು ಅದನ್ನು ಬಟ್ಟೆ ಒಗೆಯೋಕೆ ಎತ್ಕೊಂಡು ಹೋಗಬೇಡಿ.

ಜಿಪಿಎಸ್ ಅಳೆಯೋದು ಬೇರೆ. ಅದು ಗಣಿತದ ನುಣುಪಾದ ಭೂಮಿಯ ಮೇಲಿಂದ ಎತ್ತರ ಕೊಡುತ್ತದೆ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟ ಆ ನುಣುಪು ಮೇಲ್ಮೈಗಿಂತ ತುಂಬ ಕೆಳಗಿದೆ. ಬೆಂಗಳೂರು ಕಡೆ 80–90 ಮೀಟರ್. ತಿದ್ದುಪಡಿ ಮಾಡದ ಆ್ಯಪ್ ಆದರೆ ಅಷ್ಟು ಕಮ್ಮಿ ತೋರಿಸುತ್ತದೆ. ನಿಮ್ಮ ಆ್ಯಪ್ ಅಂಥದ್ದೇ ಇರಬೇಕು.

ಕೆರೆಕೋಡಿ (ಶಿಡ್ಲಘಟ್ಟ)

ಬೆಟ್ಟದ ಮಾತೇ ಆಯಿತು, ಕೆರೆ ಬಗ್ಗೆ ಯಾರೂ ಎತ್ತಲಿಲ್ಲ. ನನ್ನ ಮಟ್ಟಿಗೆ ಕೋಲಾರ, ಚಿಕ್ಕಬಳ್ಳಾಪುರದ ಟೋಪೋಶೀಟ್ ಅಂದರೆ ಕೆರೆಗಳ ಜಾತಕ. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ನಮ್ಮದು. 57 ಕೆ/4 ಹಾಳೆ ತೆಗೆದರೆ ಕಣ್ಣಿಗೆ ಮೊದಲು ಬೀಳೋದೇ ಕೆರೆಗಳು.

ಹೇಗೆ ಓದಬೇಕು ಅಂದರೆ, ಏರಿ ಕಪ್ಪು ಗೆರೆಯಾಗಿ, ಹಲ್ಲು ಹಲ್ಲಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ 4ಆರ್, 6ಆರ್ ಅಂತ ಪುಟ್ಟದಾಗಿ ಬರೆದಿದ್ದರೆ ಏರಿ ಸುತ್ತಲ ನೆಲಕ್ಕಿಂತ 4 ಮೀಟರ್, 6 ಮೀಟರ್ ಎತ್ತರ ಅಂತ ಅರ್ಥ. ನೀರು ನಿಲ್ಲುವ ಭಾಗ ನೀಲಿ. ಒಣಗುವ ಕೆರೆ, ಒಣ ಹಳ್ಳ ಕಪ್ಪು. ಸಾಗುವಳಿ ಹಳದಿ, ಗಿಡಮರ ಹಸಿರು. ಒಂದು ಕೆರೆಯ ಕೋಡಿಯಿಂದ ಹೊರಟ ಗೆರೆಯನ್ನು ಬೆರಳಲ್ಲಿ ಹಿಡಿದು ಹೋಗಿ. ಸ್ವಲ್ಪ ದೂರಕ್ಕೆ ಇನ್ನೊಂದು ಕೆರೆ. ಅದರ ಕೋಡಿಯಿಂದ ಮತ್ತೊಂದು. ಹೀಗೆ ಪಾಲಾರ್ ಸೇರೋ ತನಕ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಮಾತ್ರ ಕೆಳಗಿನವನಿಗೆ ನೀರು. ನಮ್ಮ ಹಿರಿಯರು ಕಾಂಟೂರ್ ಗೆರೆ ಇಲ್ಲದೆ ಇದನ್ನು ಕಟ್ಟಿದ್ದರು ಅನ್ನೋದೇ ಆಶ್ಚರ್ಯ.

ಇದರ ಉಪಯೋಗ ಏನು ಅಂದರೆ, ರಾಜಕಾಲುವೆ ಮುಚ್ಚಿ ಸೈಟ್ ಮಾಡಿದ ಕಡೆ ಹಳೇ ಹಾಳೆ ಮತ್ತು ಹೊಸ ಉಪಗ್ರಹ ಚಿತ್ರ ಪಕ್ಕಪಕ್ಕ ಇಟ್ಟರೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಸರ್ವೆನಂಬರ್ ಅಣ್ಣ ಹೇಳಿದ ಹಾಗೆ ಅದರಿಂದ ಒತ್ತುವರಿ ಎಷ್ಟು ಗುಂಟೆ ಅಂತ ಗೊತ್ತಾಗಲ್ಲ. ಅದಕ್ಕೆ ಗ್ರಾಮ ನಕ್ಷೆಯೇ ಬೇಕು. ಆದರೆ ಗ್ರಾಮ ನಕ್ಷೆ ಒಂದು ಊರಿಗೆ ನಿಂತುಬಿಡುತ್ತದೆ. ನೀರು ಊರ ಗಡಿಗೆ ನಿಲ್ಲಲ್ಲವಲ್ಲ. ಎರಡೂ ಹಿಡಿದುಕೊಂಡು ಕೂತರೇ ಕೆಲಸ ಆಗೋದು.

ಹಾಳೆಯ ಅಡಿಯಲ್ಲಿ ಸರ್ವೆ ಮಾಡಿದ ವರ್ಷ ಇರುತ್ತದೆ. ಅದನ್ನು ಮೊದಲು ನೋಡಿ. ಅಚ್ಚಾದ ವರ್ಷ ಬೇರೆ, ಅಳೆದ ವರ್ಷ ಬೇರೆ.

ಕೆಜಿಎಫ್ ಹುಡುಗ

ಹಾಗಾದರೆ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕಪ್ಪಾಗಿದ್ದ ಕೆರೆಯನ್ನೆಲ್ಲ ನೀಲಿ ಮಾಡಬೇಕಲ್ಲ?

ಕೆರೆಕೋಡಿ (ಶಿಡ್ಲಘಟ್ಟ)

ಅದೇ ಮಜಾ! 2018ರ ಜೂನ್‌ನಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಮುಂದಕ್ಕೆ ಕೋಡಿಯಿಂದ ಕೋಡಿಗೆ ಹರಿದದ್ದು ಇದೇ ಹಳೇ ಸರಣಿಯಲ್ಲಿ. ಎರಡೇ ಹಂತ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತ ಬೇಕು ಅನ್ನೋ ಜಗಳ ಬೇರೆ ಇದೆ, ಅದರಲ್ಲಿ ನಾನು ಮೂರನೇ ಹಂತ ಬೇಕು ಅನ್ನುವವರ ಕಡೆ. ಅದನ್ನು ಇಲ್ಲಿ ಎಳೆಯಲ್ಲ.

ತೋಟದಮನೆ (ಕೊರಟಗೆರೆ)

ಹಾಳೆ ಎಲ್ಲಿ ಸಿಗುತ್ತೆ ಅಂತ ಯಾರೂ ಹೇಳಲೇ ಇಲ್ವಲ್ಲ!

ಅಕ್ಷಾಂಶ (ಚಿಂತಾಮಣಿ)

ನಿಜ, ಮಾತಿನ ಭರದಲ್ಲಿ ಅದೇ ಉಳಿದುಹೋಯಿತು. ಸರ್ವೆ ಆಫ್ ಇಂಡಿಯಾ 2017ರಲ್ಲಿ ನಕ್ಷೆ ಅನ್ನೋ ಹೆಸರಿನ ಪೋರ್ಟಲ್ ತೆರೆದು, ಆಧಾರ್ ನಂಬರ್ ಕೊಟ್ಟವರಿಗೆ ಓಪನ್ ಸೀರೀಸ್ ಹಾಳೆಗಳನ್ನು ಪಿಡಿಎಫ್ ರೂಪದಲ್ಲಿ ಬಿಟ್ಟಿಯಾಗಿ ಕೊಡೋಕೆ ಶುರು ಮಾಡಿತು. ಈಗ ಅವರದೇ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್ ಇದೆ. ಲಾಗಿನ್ ಮಾಡಿ ಹಾಳೆಯ ನಂಬರ್ ಹಾಕಿದರೆ ಸಾಕು. 2021ರ ಫೆಬ್ರವರಿಯ ಹೊಸ ಮಾರ್ಗಸೂಚಿ ಬಂದ ಮೇಲೆ ನಕ್ಷೆ ಮಾಡೋದು, ಹಂಚೋದು ಎಲ್ಲಕ್ಕೂ ಇದ್ದ ಕಟ್ಟುನಿಟ್ಟು ತುಂಬ ಸಡಿಲವಾಯಿತು. ಮುಂಚೆ ಕರಾವಳಿ, ಗಡಿ ಕಡೆಯ ಹಾಳೆ ಬೇಕಂದರೆ ಅನುಮತಿಗೆ ಅಲೆಯಬೇಕಿತ್ತು. ಕಾಗದದ ಹಾಳೆಯೇ ಬೇಕಿದ್ದರೆ ಬೆಂಗಳೂರು ಕೋರಮಂಗಲದಲ್ಲಿ ಅವರ ಕಚೇರಿ ಇದೆ. ಮೊದಲೇ ವಿಚಾರಿಸಿಕೊಂಡು ಹೋಗಿ.

ತುಂಬ ಹಳೆಯದು ನೋಡಬೇಕು ಅನ್ನುವವರಿಗೆ ಒಂದು ಸುಳಿವು. ಅಮೆರಿಕದ ಸೇನೆಯವರು 1950ರ ದಶಕದಲ್ಲಿ ಸರ್ವೆ ಆಫ್ ಇಂಡಿಯಾ ನಕ್ಷೆ ಆಧಾರವಾಗಿ ಮಾಡಿದ 1:2,50,000 ಹಾಳೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ವಿವರ ಕಮ್ಮಿ, ಆದರೆ ಆಗಿನ ಕೆರೆ, ರೈಲು, ರಸ್ತೆ ಚೆನ್ನಾಗಿ ಕಾಣುತ್ತವೆ.

ಭೂಗೋಳದ ಮೇಷ್ಟ್ರು (ಕೋಲಾರ)

ಟೋಪೋಶೀಟ್ ಒಂದೇ ಅಲ್ಲ. 1:25,000 ಹಾಳೆ, 1:2,50,000 ಹಾಳೆ, ರಾಜ್ಯದ ನಕ್ಷೆ, ಜಿಲ್ಲಾ ಯೋಜನಾ ನಕ್ಷೆ, ನಗರ ಮಾರ್ಗದರ್ಶಿ, ರೈಲ್ವೆ ನಕ್ಷೆ, ಬಂದರುಗಳ ಉಬ್ಬರ ಇಳಿತದ ಪಟ್ಟಿ, ಇದೆಲ್ಲ ಅವರ ಸರಕು. ಶಾಲೆಯಲ್ಲಿ ನೋಡುವ ರಾಷ್ಟ್ರೀಯ ಅಟ್ಲಾಸ್ ಮಾತ್ರ ಕೋಲ್ಕತ್ತಾದ ನ್ಯಾಟ್ಮೋ ಅನ್ನೋ ಬೇರೆ ಸಂಸ್ಥೆಯದು.

ಸರ್ವೆನಂಬರ್ (ಗುಬ್ಬಿ)

ಈಚಿನ ಒಂದು ಕೆಲಸ ಬಿಟ್ಟಿರಿ ಮೇಷ್ಟ್ರೇ. ಸ್ವಾಮಿತ್ವ ಯೋಜನೆ. 2020ರಲ್ಲಿ ಶುರುವಾದಾಗ ಪ್ರಾಯೋಗಿಕ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಗ್ರಾಮಠಾಣದ ಒಳಗಿನ ಮನೆಗಳಿಗೆ ಹಿಂದೆ ಸರಿಯಾದ ಅಳತೆಯೇ ಇರಲಿಲ್ಲ. ಪಹಣಿ ಇರೋದು ಹೊಲಕ್ಕೆ. ಈಗ ಡ್ರೋನ್ ಹಾರಿಸುವ ಮುಂಚೆ ಪ್ರತಿ ಮನೆ, ಹಿತ್ತಲಿನ ಸುತ್ತ ಸುಣ್ಣದ ಗೆರೆ ಹಾಕಿಸುತ್ತಾರೆ. ಮೇಲಿಂದ ಚಿತ್ರ ತೆಗೆದಾಗ ಬಿಳಿ ಗೆರೆ ಎದ್ದು ಕಾಣುತ್ತದೆ. ಅದರ ಮೇಲೆ 1:500 ಅಳತೆಯ ನಕ್ಷೆ ಮಾಡಿ, ಊರವರ ಮುಂದೆ ಇಟ್ಟು, ತಕರಾರು ಕೇಳಿ, ಆಮೇಲೆ ಆಸ್ತಿ ಕಾರ್ಡ್. ಡ್ರೋನಿನದು, ನಕ್ಷೆಯದು ಸರ್ವೆ ಆಫ್ ಇಂಡಿಯಾ. ಕಾರ್ಡ್ ಕೊಡೋದು ರಾಜ್ಯ ಸರ್ಕಾರ.

ಸುಣ್ಣ ಹಾಕುವ ಬೆಳಗ್ಗೆ ಊರಲ್ಲಿ ನಡೆಯುವ ಜಗಳ ನೋಡಬೇಕು. ಎರಡು ಮನೆ ನಡುವಿನ ಓಣಿಗೆ ಇಬ್ಬರೂ ಸುಣ್ಣ ಹಾಕ್ತಾರೆ. ಒಬ್ಬ ಅಳಿಸ್ತಾನೆ, ಇನ್ನೊಬ್ಬ ಬಕೆಟ್ ತರ್ತಾನೆ. ಡ್ರೋನಿಗೆ ಜಗಳ ಕಾಣಲ್ಲ, ಗೆರೆ ಮಾತ್ರ ಕಾಣುತ್ತೆ. ನಿಮ್ಮೂರಲ್ಲಿ ನಡೆದರೆ ಊರಲ್ಲಿ ಇರಿ, ಬೆಂಗಳೂರಲ್ಲಿ ಕೂತು ಫೋನಲ್ಲಿ ಹೇಳಿದರೆ ಆಗಲ್ಲ.

ಬೆಟ್ಟದಹಾದಿ (ತುಮಕೂರು)

ಎಲ್ಲರಿಗೂ ಧನ್ಯವಾದ. ಡಿ43ಆರ್3 ಇಳಿಸಿಕೊಂಡೆ. ಮೇಷ್ಟ್ರು ಹೇಳಿದ ನೀರು ದಾಟದ ಗೆರೆಯನ್ನು ಎಳೆಯುತ್ತಾ ಇದ್ದೇನೆ. ಒಂದು ಕಡೆ ಗೆರೆ ಮೀಸಲು ಅರಣ್ಯದ ಒಳಗೆ ಹೋಗುತ್ತಿದೆ. ಆರ್‌ಎಫ್ ಅಂತ ಬರೆದಿದೆ.

ಭೂಗೋಳದ ಮೇಷ್ಟ್ರು (ಕೋಲಾರ)

ಆರ್‌ಎಫ್ ಅಂದರೆ ಮೀಸಲು ಅರಣ್ಯವೇ. ಅಲ್ಲಿಗೆ ವಲಯ ಅರಣ್ಯ ಕಚೇರಿಯ ಅನುಮತಿ ಬೇಕೇ ಬೇಕು, ಕರಡಿ ಚಿರತೆ ಇರುವ ಜಾಗ ಬೇರೆ. ಅನುಮತಿ ಕೇಳುವಾಗ ಗೆರೆ ಎಳೆದ ಹಾಳೆಯನ್ನೇ ಜೊತೆಗೆ ಕೊಡಿ. ಎಲ್ಲಿ ಹೋಗ್ತೀರಿ ಅಂತ ಬಾಯಲ್ಲಿ ಹೇಳೋದಕ್ಕಿಂತ ಅವರಿಗೂ ಬೇಗ ಅರ್ಥವಾಗುತ್ತದೆ.

ಬಿಸಿಲುಸೀಮೆ (ಪಾವಗಡ)

ತಡವಾಗಿ ಬಂದೆ. ಮೇಷ್ಟ್ರು ಹೇಳಿದ ಲೆಕ್ಕದಲ್ಲಿ ಪಾವಗಡ 14 ಡಿಗ್ರಿ 6 ನಿಮಿಷ, 77 ಡಿಗ್ರಿ 17 ನಿಮಿಷ ಅಂತ ಹಿಡಿದರೆ 57 ಎಫ್/8 ಬರುತ್ತೆ. ಸರಿನಾ?

ಭೂಗೋಳದ ಮೇಷ್ಟ್ರು (ಕೋಲಾರ)

ನೂರಕ್ಕೆ ನೂರು ಸರಿ. ಎರಡನೇ ಸಾಲಿನ ಕೊನೆಯ ಮನೆ.

ಬಿಸಿಲುಸೀಮೆ (ಪಾವಗಡ)

ಹಾಗಾದರೆ ತಿರುಮಣಿ ಕಡೆದು ಅದರ ಮೇಲಿನ ಹಾಳೆ ಇರಬೇಕು. ಸೋಲಾರ್ ಪಾರ್ಕ್ ಬರುವ ಮುಂಚಿನದು ನೋಡಬೇಕಿತ್ತು. 13 ಸಾವಿರ ಎಕರೆ ಈಗ ಬರೀ ಫಲಕ. ಅದರ ಕೆಳಗೆ ಯಾವ ಹಳ್ಳ ಎಲ್ಲಿ ಹೋಗ್ತಿತ್ತು ಅಂತ ನಮ್ಮ ಹುಡುಗರಿಗೆ ಗೊತ್ತೇ ಇಲ್ಲ. ಕೆರೆಕೋಡಿ ಅಣ್ಣ, ಹಳೇದೊಂದು ಹೊಸದೊಂದು ಪಕ್ಕಪಕ್ಕ ಇಡೋದು ಹೇಗೆ ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡ್ತೀರಾ?

ಕೆರೆಕೋಡಿ (ಶಿಡ್ಲಘಟ್ಟ)

ಮಾಡ್ತೀನಿ. ಕ್ಯೂಜಿಐಎಸ್ ಅಂತ ಬಿಟ್ಟಿ ಸಾಫ್ಟ್‌ವೇರ್ ಇದೆ, ಮೊದಲು ಅದನ್ನು ಹಾಕ್ಕೊಳ್ಳಿ. ಹಳೇ ಹಾಳೆಯ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಬರೆದಿಟ್ಕೊಳ್ಳಿ. ಅಕ್ಷಾಂಶ ಮೇಡಂ ಹೇಳಿದ ಎವರೆಸ್ಟ್ ಲೆಕ್ಕ ಮರೀಬೇಡಿ, ಇಲ್ಲಾಂದ್ರೆ ಹಳ್ಳವೆಲ್ಲ ಪಕ್ಕದ ಹೊಲಕ್ಕೆ ಹೋಗಿ ಕೂತಿರುತ್ತೆ.